ಹಗುರದ ಭಾರ

ಡಿಸೆಂಬರ್ ಬಂತೆಂದರೆ ಚೆನ್ನೈಗೆ ಎರಡು ಬಗೆಯ ರಸಿಕರು ಬಂದಿಳಿಯುತ್ತಾರೆ. ಮೊದಲನೆಯವರು ಮೈಲಾಪುರದಲ್ಲೋ ಟಿ. ನಗರದಲ್ಲೋ ರೂಮು ಹಿಡಿದು, ಬೆಳಗಿನ ಉಪನ್ಯಾಸದಿಂದ ರಾತ್ರಿಯ ಕಚೇರಿಯವರೆಗೆ ಸಭಾದಿಂದ ಸಭಾಕ್ಕೆ ಓಡಾಡಿ, ನಡುನಡುವೆ ಕ್ಯಾಂಟೀನಿನ ವಡೆಯ ಗುಣದೋಷಗಳನ್ನು ವಿಮರ್ಶಿಸುವವರು. ಇವರ ಸುದ್ದಿ ದಿನವೂ ಪತ್ರಿಕೆಯಲ್ಲಿ ಬರುತ್ತದೆ. ಎರಡನೆಯವರ ಸುದ್ದಿ ಎಲ್ಲಿಯೂ ಬರುವುದಿಲ್ಲ. ಅವರು ಎಗ್ಮೋರ್ ಸ್ಟೇಷನ್ನಿನಲ್ಲಿ ಇಳಿದು, ಕೂವಂ ನದಿಯ ವಾಸನೆಯ ಜಾಡು ಹಿಡಿದು ಪುದುಪೇಟೆಗೆ ನಡೆಯುತ್ತಾರೆ. ಅಲ್ಲಿ ಅಂಬಾಸಿಡರಿನ ಬಾಗಿಲು, ಫಿಯೆಟ್ಟಿನ ಗೇರ್‌ಬಾಕ್ಸು, ಇದೇ ಊರಿನಲ್ಲಿ ತಯಾರಾಗಿ ಇದೇ ಊರಿನಲ್ಲಿ ಕಣ್ಮುಚ್ಚಿದ ಸ್ಟ್ಯಾಂಡರ್ಡ್ ಹೆರಾಲ್ಡಿನ ಯಾವುದೋ ಹಿಡಿಕೆ, ಎಲ್ಲವೂ ಗುಡ್ಡೆಗುಡ್ಡೆಯಾಗಿ ಬಿದ್ದಿರುತ್ತವೆ. ಹಳೇ ಗಾಡಿ ಸಾಕಿದವನಿಗೆ ಆ ಓಣಿಗಳಲ್ಲಿ ಸಿಗುವ ಸುಖ ತೋಡಿ ರಾಗದ ಆಲಾಪನೆಯಲ್ಲಿಯೂ ಸಿಗುವುದಿಲ್ಲವಂತೆ. ಇದು ನಮ್ಮ ಭಾವನ ಮಾತು. ಅವರು ಊರಲ್ಲೇ ಇರುವವರಾದ್ದರಿಂದ ಡಿಸೆಂಬರ್‌ವರೆಗೆ ಕಾಯುವ ಕಷ್ಟವೂ ಅವರಿಗಿಲ್ಲ.

ಭಾವ ಪೆರಂಬೂರಿನ ಇಂಟೆಗ್ರಲ್ ಕೋಚ್ ಫ್ಯಾಕ್ಟರಿಯಲ್ಲಿ ರೈಲು ಬೋಗಿಯ ಚಿಪ್ಪು ಕಟ್ಟುವ ವಿಭಾಗದಲ್ಲಿ ಇದ್ದು ನಿವೃತ್ತರಾದವರು. 1955ರಲ್ಲಿ ಸ್ವಿಸ್ ಕಂಪನಿಯೊಂದರ ನೆರವಿನಿಂದ ಶುರುವಾದ ಕಾರ್ಖಾನೆ ಅದು. ಅಲ್ಲಿ ಕೆಲಸ ಮಾಡಿದವರಿಗೆ ಉಕ್ಕಿನ ಮೇಲೆ ಕುಲದೇವರ ಮೇಲಿರುವಂಥ ನಂಬಿಕೆ. ಜೀವಮಾನವಿಡೀ ಸಾವಿರಾರು ಜನ ಕೂರುವ ರೈಲಿಗೆ ಮೈ ಕಟ್ಟಿಕೊಟ್ಟವರು ನಿವೃತ್ತಿಯಾದ ಮೇಲೆ ಒಂದು ಬಾಲ್ಕನಿ, ಒಂದು ಪೇಪರು, ಒಂದು ಫಿಲ್ಟರ್ ಕಾಫಿಗೆ ಒಗ್ಗಿಕೊಳ್ಳುವುದು ಹೇಗೆ? ಒಗ್ಗಲಿಲ್ಲ. ಕೊಡಗಿನ ಕಾಫಿ ತೋಟವೊಂದರ ಮೂಲೆಯಲ್ಲಿ ಟಾರ್ಪಾಲಿನ ಕೆಳಗೆ ಮಲಗಿದ್ದ ಜೋಂಗಾ ಒಂದನ್ನು ಲಾರಿಯ ಮೇಲೆ ಹೇರಿಸಿಕೊಂಡು ಬಂದು ಪೆರಂಬೂರಿನ ಮನೆಯ ಮುಂದೆ ಇಳಿಸಿದರು. ನಮ್ಮಕ್ಕ ಬಾಗಿಲಿಗೆ ಬಂದು ನೋಡಿ, "ಇದು ಗಾಡಿಯೋ, ಗಾಡಿಯ ಅಸ್ಥಿಯೋ?" ಎಂದು ಕೇಳಿ ಒಳಗೆ ಹೋದಳು.

ಜೋಂಗಾ ಏನೆಂದು ತಿಳಿಯದವರಿಗೆ ಒಂದೆರಡು ಮಾತು. ನಿಸಾನ್ ಕಂಪನಿಯ ಹಳೇ 'ಪ್ಯಾಟ್ರೋಲ್' ಗಾಡಿಯ (ಪೆಟ್ರೋಲ್ ಅಲ್ಲ, ಗಸ್ತಿನ ಪ್ಯಾಟ್ರೋಲ್) ನಕ್ಷೆ ತಂದು ಜಬಲ್ಪುರದ ಸೇನಾ ಕಾರ್ಖಾನೆಯಲ್ಲಿ ಕಟ್ಟಿದ ಗಾಡಿ. ಜಬಲ್ಪುರ, ಆರ್ಡ್‌ನೆನ್ಸ್, ಗನ್ ಕ್ಯಾರೇಜ್, ಅಸೆಂಬ್ಲಿ ಎಂಬ ಮಾತುಗಳಿಂದ ಅಕ್ಷರ ಹೆಕ್ಕಿ ಪೋಣಿಸಿ ಯಾರೋ ಪುಣ್ಯಾತ್ಮರು ಆ ಹೆಸರಿಟ್ಟರು. ಜೀಪಿಗಿಂತ ದೊಡ್ಡದು, ಲಾರಿಗಿಂತ ಚಿಕ್ಕದು. ಆರು ಸಿಲಿಂಡರಿನ ಸುಮಾರು ನಾಲ್ಕು ಲೀಟರಿನ ಎಂಜಿನ್ನು. 1960ರ ದಶಕದ ಕೊನೆಯಿಂದ 1999ರವರೆಗೆ ತಯಾರಾಗಿ, ಕರ್ನಲ್ಲರನ್ನು ಹೊತ್ತು, ಗಾಯಾಳುಗಳನ್ನು ಹೊತ್ತು, ಕೆಲವು ಕಡೆ ಬೆನ್ನಿಗೆ ತೋಪನ್ನೇ ಕಟ್ಟಿಸಿಕೊಂಡು ದೇಶಸೇವೆ ಮಾಡಿತು. ಆಮೇಲೆ ಸೇನೆ ಹರಾಜು ಹಾಕಿದ ಗಾಡಿಗಳು ತೋಟಗಳಿಗೆ, ಕಲ್ಲುಕ್ವಾರಿಗಳಿಗೆ, ಭಾವನಂಥವರ ಕೈಗೆ ಬಂದವು.

ಉಳಿದ ಊರುಗಳಲ್ಲಿ ಜೋಂಗಾ ಕಂಡರೆ ಜನ "ಇದ್ಯಾವ ಜೀಪು?" ಎನ್ನುತ್ತಾರೆ. ಚೆನ್ನೈನಲ್ಲಿ ಹಾಗಲ್ಲ. 2019ರಲ್ಲಿ ಧೋನಿ ಒಂದು ಹಸಿರು ಜೋಂಗಾ ಕೊಂಡ ಸುದ್ದಿ ಬಂದಿದ್ದೇ ತಡ, ಈ ಊರಿಗೆ ಅದು ದೇವರ ವಾಹನಗಳ ಪಟ್ಟಿಯಲ್ಲಿ ಸೇರಿತು. ಭಾವನ ಗಾಡಿ ಸಿಗ್ನಲ್ಲಿನಲ್ಲಿ ನಿಂತರೆ ಸಾಕು, ಪಕ್ಕದ ಆಟೋದವನು ತಲೆ ಹೊರಹಾಕಿ "ತಲ ವಂಡಿ ಸಾರ್!" (ಅಂದರೆ ಧೋನಿಯ ಗಾಡಿ) ಎಂದು ಹಲ್ಲು ಬಿಡುತ್ತಾನೆ. ಭಾವ ಕ್ರಿಕೆಟ್ ನೋಡುವವರಲ್ಲ. ಆದರೂ ಇಂಥ ಹೊತ್ತಿನಲ್ಲಿ ವಿಕೆಟ್ ಕೀಪರಿನ ಗಾಂಭೀರ್ಯದಿಂದ ತಲೆಯಾಡಿಸುವುದನ್ನು ಅಭ್ಯಾಸ ಮಾಡಿಕೊಂಡಿದ್ದಾರೆ.

ಆ ಗಾಡಿಗೆ ಬೀದಿಯಲ್ಲಿ ನಿಜವಾದ ಮರ್ಯಾದೆ ಸಿಕ್ಕಿದ್ದು 2023ರ ಡಿಸೆಂಬರಿನಲ್ಲಿ. ಮಿಚಾಂಗ್ ಚಂಡಮಾರುತ ಚೆನ್ನೈಯನ್ನು ಮುಳುಗಿಸಿದಾಗ ಬೀದಿಯ ಹೊಸ ಹೊಸ ಕಾರುಗಳೆಲ್ಲ ಮೂಗಿನವರೆಗೆ ನೀರು ಕುಡಿದು ನಿಂತವು. ಜೋಂಗಾ ಮಾತ್ರ ಸೊಂಟದೆತ್ತರದ ನೀರಿನಲ್ಲಿ ಹಾಲು, ಬ್ರೆಡ್ಡು, ಇನ್ಸುಲಿನ್, ಒಬ್ಬ ಗರ್ಭಿಣಿ, ಇಬ್ಬರು ಅಜ್ಜಿಯರು ಎಲ್ಲರನ್ನೂ ದಾಟಿಸಿತು. ಅಲ್ಲಿಯವರೆಗೆ ಅದನ್ನು 'ಆ ಕಬ್ಬಿಣದ ರಾಶಿ' ಎನ್ನುತ್ತಿದ್ದ ಎದುರುಮನೆಯ ಮಾಮ, ಅದರ ಹಿಂದಿನ ಸೀಟಿನಲ್ಲಿ ಛತ್ರಿ ಬಿಚ್ಚಿ ಕುಳಿತು ಸವಾರಿ ಮಾಡಿದ್ದನ್ನು ಅಕ್ಕ ಈಗಲೂ ನೆನಪಿಸುತ್ತಾಳೆ.

ಆದರೆ ನೆರೆ ನೀರು ಎಂದರೆ ಬರೀ ನೀರಲ್ಲವಲ್ಲ. ಮೊದಲೇ ಬಂಗಾಳ ಕೊಲ್ಲಿಯ ಉಪ್ಪು ಗಾಳಿ. ಅದರ ಮೇಲೆ ಚರಂಡಿಯ ಕಷಾಯ. ಮರುವರ್ಷದ ಬೇಸಗೆಗೆ ಮಡ್‌ಗಾರ್ಡುಗಳ ಅಂಚು ಮುಟ್ಟಿದರೆ ಪದರಪದರವಾಗಿ ಕೈಗೆ ಬರತೊಡಗಿತು. ಕೊಡಗಿನ ಮಳೆ ಕಚ್ಚಿ ಬಿಟ್ಟಿದ್ದನ್ನು ಚೆನ್ನೈ ನುಂಗಿಹಾಕಿತ್ತು. ಪುದುಪೇಟೆಯಲ್ಲಿ ಹುಡುಕಿದರೆ ಸಿಗುವ ಜೋಂಗಾದ ತಗಡುಗಳಿಗೂ ಅಷ್ಟೇ ವಯಸ್ಸು, ಅಷ್ಟೇ ತುಕ್ಕು. ಹಾಗಾಗಿ ಹೊಸದಾಗಿ ಮಾಡಿಸಬೇಕು. ಯಾವ ಲೋಹದಲ್ಲಿ ಎಂಬುದು ಪ್ರಶ್ನೆ.

ಇಲ್ಲಿ ರಾಯರ ಪ್ರವೇಶ. ರಾಯರು ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಮಾರುತ್, ಕಿರಣ್ ವಿಮಾನಗಳ ಮೈಗೆ ರಿವೆಟ್ ಹೊಡೆದು ಹೊಡೆದು ನಿವೃತ್ತರಾಗಿ, ಈಗ ಅಯನಾವರದಲ್ಲಿ ಮಗಳ ಮನೆಯಲ್ಲಿರುವ ಹಿರಿಯರು. ಭಾವನಿಗೂ ಅವರಿಗೂ ಗೆಳೆತನವಾಗಿದ್ದು ಕನ್ನಡದ ನಂಟಿನಿಂದ, ಮುಂದುವರಿದಿದ್ದು ಜಗಳದಿಂದ. "ಸ್ವಾಮಿ, ಉಕ್ಕಿನಲ್ಲಿ ಯಾರು ಬೇಕಾದರೂ ಮಾಡ್ತಾರೆ. ಅಲ್ಯೂಮಿನಿಯಂನಲ್ಲಿ ಮಾಡಿ. ತುಕ್ಕು ಹಿಡಿಯಲ್ಲ, ತೂಕ ಮೂರರಲ್ಲೊಂದು ಪಾಲು," ಎಂದರು ರಾಯರು. ಭಾವ ಒಪ್ಪಲಿಲ್ಲ. ಹಗುರವಾದದ್ದನ್ನೆಲ್ಲ ಅನುಮಾನದಿಂದ ನೋಡುವುದು ರೈಲ್ವೆಯವರ ಜಾಯಮಾನ. ಮೂರನೆಯ ಮತ ಪುದುಪೇಟೆಯ ಟಿಂಕರಿಂಗ್ ಮೇಸ್ತ್ರಿ ಭಾಯಿಯದು. ಅವರು ಬೀಡಿ ಹೊತ್ತಿಸಿಕೊಂಡು, "ಎರಡೂ ಮಾಡ್ತೀನಿ ಸಾರ್. ಉಕ್ಕಾದರೆ ಬೈದರೂ ಕೇಳುತ್ತೆ. ಅಲ್ಯೂಮಿನಿಯಂ ಮರ್ಯಾದೆ ಕೇಳುತ್ತೆ," ಎಂದರು. ಈ ಮಾತಿಗೆ ಭಾವ ಸೋತರು. ಹೀಗೆ ರೈಲು ಪಂಥ, ವಿಮಾನ ಪಂಥ, ಬೀದಿ ಪಂಥ ಮೂರೂ ಒಂದೇ ಶೆಡ್ಡಿನಲ್ಲಿ ಸೇರಿದವು. ನಾನು ಇವರಿಗೆಲ್ಲ ಕಾಫಿ ಲೋಟ ದಾಟಿಸುವ ಹಾಗೂ ತಗಡಿನ ಇನ್ನೊಂದು ತುದಿ ಹಿಡಿದು ನಿಲ್ಲುವ ಹುದ್ದೆಗೆ ನೇಮಕವಾದೆ. ಇಂಥ ಎಲ್ಲ ಕೆಲಸದಲ್ಲೂ ಇನ್ನೊಂದು ತುದಿ ಹಿಡಿಯುವವನೊಬ್ಬ ಬೇಕಾಗುತ್ತದೆ. ಸಾಮಾನ್ಯವಾಗಿ ಅವನು ಹೆಂಡತಿಯ ತಮ್ಮನಾಗಿರುತ್ತಾನೆ.

ತಗಡು ತರಲು ಮಣ್ಣಡಿಯ ಸೆಂಬುದಾಸ್ ಬೀದಿಗೆ ಹೋದೆವು. ಜಾರ್ಜ್‌ಟೌನಿನ ಆ ಬೀದಿಗಳಲ್ಲಿ ಒಂದೊಂದಕ್ಕೆ ಒಂದೊಂದು ವ್ಯಾಪಾರ, ಇಲ್ಲಿ ಲೋಹ. ಭಾವ ಅಂಗಡಿಯವರ ಮುಂದೆ ನಿಂತು ಮಂತ್ರ ಹೇಳುವವರ ಹಾಗೆ "5052, ಎಚ್32" ಎಂದರು. ಇದು ರಾಯರು ಬರೆದುಕೊಟ್ಟ ಚೀಟಿ. ಅಲ್ಯೂಮಿನಿಯಂಗೆ ಸ್ವಲ್ಪ ಮೆಗ್ನೀಸಿಯಂ ಬೆರೆಸಿದ ಜಾತಿ ಇದು. ಉಪ್ಪು ಗಾಳಿಗೆ ಜಗ್ಗುವುದಿಲ್ಲ, ಮಡಿಸಿದರೆ ಸೀಳುವುದಿಲ್ಲ. ಪಾತ್ರೆ ಮಾಡುವ ಶುದ್ಧ ಅಲ್ಯೂಮಿನಿಯಂ ತೀರಾ ಮೆದು. ವಿಮಾನದ ಕೆಲವು ಜಾತಿಗಳು ತೀರಾ ಹಟಮಾರಿ, ಚೂಪಾಗಿ ಮಡಿಸಹೋದರೆ ಮಡಿಕೆಯಲ್ಲೇ ಬಿರುಕು ಬಿಡುತ್ತವೆ. ದಪ್ಪದ ವಿಷಯದಲ್ಲಿಯೂ ಒಂದು ಲೆಕ್ಕವಿದೆ. ಅಲ್ಯೂಮಿನಿಯಂನ ಬಿಗಿತ ಉಕ್ಕಿನ ಮೂರರಲ್ಲೊಂದು ಪಾಲು ಮಾತ್ರ. ಆದರೆ ತಗಡಿನ ದಪ್ಪ ಎರಡರಷ್ಟಾದರೆ ಬಿಗಿತ ಎಂಟರಷ್ಟಾಗುತ್ತದೆ. ಆದ್ದರಿಂದ 1.2 ಮಿಲಿಮೀಟರಿನ ಉಕ್ಕಿನ ಜಾಗದಲ್ಲಿ ಸುಮಾರು 1.7 ಮಿಲಿಮೀಟರಿನ ಅಲ್ಯೂಮಿನಿಯಂ ಹಾಕಿದರೆ ಸಮಸಮ. ಭಾವ ಧೈರ್ಯಕ್ಕೆ ಇರಲೆಂದು 2 ಮಿಲಿಮೀಟರ್ ಎಂದರು. ಹಾಗಿದ್ದರೂ ಎಂಟಡಿ ನಾಲ್ಕಡಿಯ ಒಂದು ಹಾಳೆ 16 ಕಿಲೋ. ಅದೇ ಅಳತೆಯ 1.2 ಮಿಲಿಮೀಟರಿನ ಉಕ್ಕಿನದು 28. ಹಾಳೆಗೆ 12 ಕಿಲೋ ಉಳಿತಾಯ! ಭಾವ ಅಂಗಡಿಯ ಮೆಟ್ಟಿಲ ಮೇಲೆಯೇ ನೋಟ್‌ಬುಕ್ ತೆಗೆದು, ನಡುವೆ ಗೆರೆ ಎಳೆದು, ಎಡಗಡೆ 'ಉಳಿತಾಯ' ಎಂದು ಬರೆದರು. ಬಲಗಡೆಯ ಕಾಲಮಿಗೆ ಆಗ ಹೆಸರಿರಲಿಲ್ಲ. ಬಿಲ್ಲು ಬಂದಾಗ ಗೊತ್ತಾಯಿತು, ಈ ಲೋಹ ಮಾರುವುದೂ ಕಿಲೋ ಲೆಕ್ಕದಲ್ಲೇ, ಮತ್ತು ಹಗುರವಾದ ಕಿಲೋ ಭಾರವಾದ ಕಿಲೋಗಿಂತ ಎಷ್ಟೋ ದುಬಾರಿ ಎಂದು.

ಹಾಳೆಗಳನ್ನು ಟಾಟಾ ಏಸಿನಲ್ಲಿ ಹಾಕಿಕೊಂಡು ಪೂನಮಲ್ಲಿ ಹೈರೋಡಿನಲ್ಲಿ ಬರುವಾಗ ಎಗ್ಮೋರಿನ ಕೆಂಪು ಕಟ್ಟಡಗಳ ಲಲಿತಕಲಾ ಕಾಲೇಜು ಸಿಗುತ್ತದೆ. ನನಗೆ ಅಲ್ಲಿ ಏಸನ್ನು ಒಂದು ಕ್ಷಣ ನಿಲ್ಲಿಸಿ ಹಾಳೆಗಳಿಗೆ ಅವುಗಳ ತವರುಮನೆ ತೋರಿಸಬೇಕೆನಿಸಿತು. ಉತ್ಪ್ರೇಕ್ಷೆಯಲ್ಲ. 1850ರಲ್ಲಿ ಅಲೆಕ್ಸಾಂಡರ್ ಹಂಟರ್ ಎಂಬ ವೈದ್ಯರು ಶುರುಮಾಡಿದ ಆ ಮದರಾಸ್ ಕಲಾಶಾಲೆಯಲ್ಲಿಯೇ ಭಾರತದ ಅಲ್ಯೂಮಿನಿಯಂ ಕೆಲಸ ಮೊದಲು ನೆಲೆ ಕಂಡದ್ದು. ಅಮೆರಿಕದ ಹಾಲ್, ಫ್ರಾನ್ಸಿನ ಹೆರೂ ಎಂಬ ಇಬ್ಬರು ಹುಡುಗರು 1886ರಲ್ಲಿ ಒಬ್ಬರಿಗೊಬ್ಬರು ಗೊತ್ತಿಲ್ಲದೆ ಒಂದೇ ವಿದ್ಯುತ್ ವಿಧಾನ ಕಂಡುಹಿಡಿದ ಮೇಲೆ, ಅಲ್ಲಿಯವರೆಗೆ ಬೆಳ್ಳಿಯ ಪಂಕ್ತಿಯಲ್ಲಿ ಕೂರುತ್ತಿದ್ದ ಈ ಲೋಹ ಅಗ್ಗವಾಯಿತು. ಮದರಾಸಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪ್ರೊಫೆಸರಾಗಿದ್ದ ಆಲ್ಫ್ರೆಡ್ ಚ್ಯಾಟರ್ಟನ್, ಕಲಾಶಾಲೆಯ ಹೊಣೆ ಹೊತ್ತಾಗ 1898ರಲ್ಲಿ ತಾಮ್ರ ಹಿತ್ತಾಳೆ ಬಡಿಯುತ್ತಿದ್ದ ಕಂಚುಗಾರರ ಕೈಗೆ ಅಲ್ಯೂಮಿನಿಯಂ ಕೊಟ್ಟು ಪಾತ್ರೆ ಮಾಡಿಸಿದರು. ಅದು ಎಷ್ಟು ಚೆನ್ನಾಗಿ ನಡೆಯಿತೆಂದರೆ 1903ರ ಹೊತ್ತಿಗೆ ಇಂಡಿಯನ್ ಅಲ್ಯೂಮಿನಿಯಂ ಕಂಪನಿ ಆ ಕೆಲಸವನ್ನೇ ಕೊಂಡುಕೊಂಡಿತು. ನಮ್ಮ ಅಜ್ಜಿಯರ ಅಟ್ಟದ ಮೇಲಿದ್ದ ಜರ್ಮನ್ ಪಾತ್ರೆಗಳ ವಂಶಾವಳಿ ಹುಡುಕುತ್ತಾ ಹೋದರೆ ಈ ಕಟ್ಟಡದ ಅಂಗಳಕ್ಕೆ ಬಂದು ನಿಲ್ಲಬೇಕಾಗುತ್ತದೆ.

ಕಂಚುಗಾರರ ಸುತ್ತಿಗೆ ಅಲ್ಲಿ, ಭಾಯಿಯ ಸುತ್ತಿಗೆ ಇಲ್ಲಿ ಪುದುಪೇಟೆಯಲ್ಲಿ. ನಡುವೆ ಒಂದು ರೈಲ್ವೆ ಸ್ಟೇಷನ್ನು, ನೂರಿಪ್ಪತ್ತು ಚಿಲ್ಲರೆ ವರ್ಷ. ಇನ್ನು ಗಾಡಿಗೆ ಮೈ ಕಟ್ಟುವ ವಿದ್ಯೆಯಂತೂ ಈ ಊರಿಗೆ ಇನ್ನೂ ಹಳತು. ಮೌಂಟ್ ರೋಡಿನ ಸಿಂಪ್ಸನ್ ಕಂಪನಿ 1840ರಲ್ಲಿ ಕುದುರೆ ಸಾರೋಟು ಕಟ್ಟುತ್ತಾ ಶುರುವಾದದ್ದು. 1903ರಲ್ಲಿ ಅಲ್ಲಿಯ ಸ್ಯಾಮ್ಯುಯೆಲ್ ಜಾನ್ ಗ್ರೀನ್ ಒಂದು ಉಗಿ ಕಾರನ್ನೇ ಕಟ್ಟಿ ಬೀದಿಗಿಳಿಸಿದರು. ಭಾವನ ಹುಚ್ಚಿಗೆ ಹೀಗೆ ಸಾಕಷ್ಟು ಪೂರ್ವಿಕರಿದ್ದಾರೆ.

ಅಲ್ಯೂಮಿನಿಯಂ ಮೈಯ ಗಾಡಿ ಎಂದರೆ ಜಗತ್ತಿಗೆಲ್ಲ ನೆನಪಾಗುವುದು ಲ್ಯಾಂಡ್ ರೋವರ್. ಅದೂ ಬಡತನದ ಕೂಸು. ಮಹಾಯುದ್ಧ ಮುಗಿದ ಇಂಗ್ಲೆಂಡಿನಲ್ಲಿ ಉಕ್ಕಿಗೆ ರೇಷನ್. ವಿಮಾನ ಕಾರ್ಖಾನೆಗಳ ಅಲ್ಯೂಮಿನಿಯಂ ಮಾತ್ರ ಬೇಕಾದಷ್ಟು. ರೋವರ್ ಕಂಪನಿಯ ಮಾರಿಸ್ ವಿಲ್ಕ್ಸ್ ತನ್ನ ಹೊಲದಲ್ಲಿ ಓಡಿಸುತ್ತಿದ್ದ ಹಳೇ ಜೀಪಿಗೆ ಬದಲಿ ಬೇಕೆಂದು 1947ರಲ್ಲಿ ಯೋಚಿಸಿ, ಮರುವರ್ಷ ಏಪ್ರಿಲ್ 30ರಂದು ಆಮ್ಸ್‌ಟರ್‌ಡ್ಯಾಮಿನ ಪ್ರದರ್ಶನದಲ್ಲಿ ತೋರಿಸಿದ ಗಾಡಿಗೆ ಬರ್ಮಾಬ್ರೈಟ್ ಎಂಬ ಅಲ್ಯೂಮಿನಿಯಂ-ಮೆಗ್ನೀಸಿಯಂ ತಗಡಿನ ಮೈ. ದೊಡ್ಡ ಅಚ್ಚುಗಳಿಗೆ ಖರ್ಚು ಮಾಡಲು ಮನಸ್ಸಿಲ್ಲದೆ ಕೈಯಲ್ಲಿ ಮಡಿಸಿದರೆ ಆಗುವಂಥ ಚಪ್ಪಟೆ ಆಕಾರಗಳನ್ನೇ ಇಟ್ಟುಕೊಂಡರು. ಈಗ ಆ ಚಪ್ಪಟೆತನವನ್ನೇ ಸೌಂದರ್ಯವೆಂದು ಜನ ಲಕ್ಷಗಟ್ಟಲೆ ಸುರಿದು ಕೊಳ್ಳುತ್ತಾರೆ. ಬಡತನಕ್ಕೆ ಸಾಕಷ್ಟು ವಯಸ್ಸಾದರೆ ಅದಕ್ಕೆ ಸ್ಟೈಲ್ ಎಂಬ ಬಿರುದು ಸಿಗುತ್ತದೆ.

ಜೋಂಗಾದ ಬಾಗಿಲು, ಹಿಂದಿನ ತೊಟ್ಟಿಯ ಪಕ್ಕೆಗಳು ಚಪ್ಪಟೆ. ಕಷ್ಟವಿರುವುದು ಬಾನೆಟ್ಟಿನ ಮುಂಭಾಗ ಮತ್ತು ಮಡ್‌ಗಾರ್ಡಿನ ಭುಜದಲ್ಲಿ. ಭಾಯಿ ಶೆಡ್ಡಿಗೆ ಬಂದ ಮೊದಲ ದಿನ ಸುತ್ತಿಗೆ ತರಲಿಲ್ಲ. ವಾಷಿಂಗ್ ಮೆಷಿನ್ನಿನ ರಟ್ಟಿನ ಪೆಟ್ಟಿಗೆ ಕೇಳಿದರು. ಹಳೇ ಮಡ್‌ಗಾರ್ಡಿನ ಮೇಲೆ ರಟ್ಟು ಒತ್ತಿ, ಪೆನ್ಸಿಲಿನಲ್ಲಿ ಗೀಚಿ, ಕತ್ತರಿಸಿ, ಎಲ್ಲೆಲ್ಲಿ ರಟ್ಟು ಸುಕ್ಕಾಗುತ್ತದೋ ಅಲ್ಲಲ್ಲಿ ಗುರುತು ಹಾಕಿದರು. ಸುಕ್ಕಾದ ಕಡೆ ಲೋಹವನ್ನು ಕುಗ್ಗಿಸಬೇಕು, ಹರಿದ ಕಡೆ ಹಿಗ್ಗಿಸಬೇಕು. ಉಳಿದದ್ದೆಲ್ಲ ಸುಮ್ಮನೆ ಮಾತು ಎಂದರು. ರಾಯರು ಅಷ್ಟರಲ್ಲಿ ವರ್ನಿಯರ್ ಹಿಡಿದು ಹಳೇ ತಗಡಿನ ಅಳತೆಯನ್ನು ಮಿಲಿಮೀಟರಿನ ಹತ್ತರಲ್ಲೊಂದು ಭಾಗದವರೆಗೆ ಬರೆದುಕೊಂಡಿದ್ದರು. ಭಾಯಿ ಆ ಕಾಗದವನ್ನು ಗೌರವದಿಂದ ನೋಡಿ, ಜೇಬಿನಲ್ಲಿಟ್ಟುಕೊಂಡು, ಮತ್ತೆ ಯಾವತ್ತೂ ಹೊರಗೆ ತೆಗೆಯಲಿಲ್ಲ.

ಕೆಲಸ ಶುರುವಾಗುವ ಮುಂಚೆ ತಗಡನ್ನು ಕಾಯಿಸಿ ಮೆತ್ತಗೆ ಮಾಡಿಕೊಳ್ಳಬೇಕು. ಇಲ್ಲೊಂದು ಅಪಾಯವಿದೆ. ಕಬ್ಬಿಣ ಕಾಯ್ದರೆ ಕೆಂಪಾಗಿ ಎಚ್ಚರಿಕೆ ಕೊಡುತ್ತದೆ. ಅಲ್ಯೂಮಿನಿಯಂ ಬಣ್ಣ ಬದಲಿಸುವುದೇ ಇಲ್ಲ. ಬೆಳ್ಳಗೆ ನೋಡುತ್ತಾ ನಿಂತಿದ್ದು ಆರುನೂರು ಚಿಲ್ಲರೆ ಡಿಗ್ರಿಗೆ ತಟಕ್ಕನೆ ಕರಗಿ ತೂತಾಗುತ್ತದೆ. ಮೆತ್ತಗಾಗಲು ಬೇಕಾದದ್ದು ಸುಮಾರು 350 ಡಿಗ್ರಿ. ಅದು ಬಂತೆಂದು ತಿಳಿಯುವುದು ಹೇಗೆ? ಭಾಯಿ ಅಕ್ಕನ ಕಡೆ ತಿರುಗಿ, "ಅಮ್ಮಾ, ಒಂದು ಸೋಪು," ಎಂದರು. ಕೈತೊಳೆಯಲಿಕ್ಕೆಂದು ತಿಳಿದು ಅಕ್ಕ ಹೊಸ ಮೈಸೂರು ಸ್ಯಾಂಡಲ್ ಸೋಪು ತಂದುಕೊಟ್ಟಳು. ಅವರು ಅದನ್ನು ತಗಡಿನ ಮೇಲೆ ಉದ್ದಕ್ಕೂ ತಿಕ್ಕಿ, ಗ್ಯಾಸ್ ಟಾರ್ಚು ಹಿಡಿದು ಆ ಕಡೆಯಿಂದ ಈ ಕಡೆಗೆ ಓಡಿಸತೊಡಗಿದರು. ಸೋಪಿನ ಗೆರೆ ಮೊದಲು ಕಂದಾಯಿತು, ಆಮೇಲೆ ಕಾಫಿ ಬಣ್ಣ, ಆಮೇಲೆ ಕಪ್ಪು. ಕಪ್ಪಾದ ಕೂಡಲೇ ಬೆಂಕಿ ತೆಗೆದರು. ಸೋಪು ಸುಟ್ಟು ಕಪ್ಪಾಗುವ ಹದವೂ ಲೋಹ ಮೆತ್ತಗಾಗುವ ಹದವೂ ಹೆಚ್ಚುಕಡಿಮೆ ಒಂದೇ ಎಂಬುದು ಜಗತ್ತಿನ ಎಲ್ಲ ತಗಡು ಮೇಸ್ತ್ರಿಗಳಿಗೂ ಗೊತ್ತಿರುವ ಗುಟ್ಟು. ನೀಲಿ ಬಾರ್ ಸೋಪಾದರೂ ನಡೆಯುತ್ತಿತ್ತು. ಆದರೆ ಇಡೀ ಪೆರಂಬೂರಿನಲ್ಲಿ ಆವತ್ತು ಗಂಧದ ಪರಿಮಳದ ಹೊಗೆ ಬಿಟ್ಟ ಗಾಡಿ ಅದೊಂದೇ.

"ಹಬ್ಬಕ್ಕೆಂದು ಇಟ್ಟಿದ್ದ ಸೋಪು!" ಎಂದು ಅಕ್ಕ ಗೊಣಗಿದಳು. ನಾನು ಸಮಾಧಾನಕ್ಕೆ ಒಂದು ಕತೆ ಹೇಳಿದೆ. ಮದರಾಸಿನಲ್ಲಿ ಅಲ್ಯೂಮಿನಿಯಂ ಬಡಿಸಿದ ಅದೇ ಚ್ಯಾಟರ್ಟನ್ ಸಾಹೇಬರು 1910ರ ದಶಕದಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಕೈಗಾರಿಕೆ ಇಲಾಖೆಯ ಡೈರೆಕ್ಟರಾದರು. ಆಗ ವಿಶ್ವೇಶ್ವರಯ್ಯನವರು ದಿವಾನರು. ಯುದ್ಧದಿಂದಾಗಿ ಗಂಧದ ಕೊರಡುಗಳು ಯುರೋಪಿಗೆ ಹೋಗಲಾರದೆ ರಾಶಿ ಬಿದ್ದಾಗ 1916ರಲ್ಲಿ ಎಣ್ಣೆ ತೆಗೆಯುವ ಕಾರ್ಖಾನೆ ಶುರುವಾಯಿತು. ಎಣ್ಣೆಯ ಬೆನ್ನಿಗೇ ಸೋಪೂ ಬಂತು. "ಅಂದರೆ ಈ ತಗಡಿಗೂ ಈ ಸೋಪಿಗೂ ಒಬ್ಬರೇ ಸೋದರಮಾವ. ನೂರು ವರ್ಷದ ಮೇಲೆ ನಿನ್ನ ಶೆಡ್ಡಿನಲ್ಲಿ ಭೇಟಿಯಾಗಿವೆ ನೋಡು," ಎಂದೆ. ಅಕ್ಕ, "ಹಾಗಾದರೆ ಆ ಸೋದರಮಾವನ ಲೆಕ್ಕದಲ್ಲಿ ಇನ್ನೊಂದು ಡಜನ್ ತಂದಿಡು," ಎಂದಳು.

ಕಾಯಿಸಿದ ತಗಡು ಹಪ್ಪಳದ ಹಿಟ್ಟಿನಷ್ಟು ವಿಧೇಯ. ಭಾಯಿ ಅದನ್ನು ಮರಳಿನ ಚೀಲದ ಮೇಲಿಟ್ಟು, ಮರದ ಕೊಡತಿಯಿಂದ ಒಳಮೈಗೆ ಹೊಡೆಯುತ್ತಾ ಬಂದರು. ನಡುವಿನಿಂದ ಹೊರಕ್ಕೆ, ಸುತ್ತುಸುತ್ತಾಗಿ. ಒಂದು ಪೆಟ್ಟು ಬಿದ್ದ ಜಾಗದಲ್ಲಿ ಇನ್ನೊಂದು ಬೀಳದ ಹಾಗೆ. ಮೊದಲಿಗೆ ತಗಡು ಕಡ್ಲೆಕಾಳು ಚೆಲ್ಲಿದಂತೆ ಉಬ್ಬುತಗ್ಗಾಗಿ, ನೋಡಿದವರಿಗೆ ಎದೆ ಧಸಕ್ಕೆನ್ನುವ ಹಾಗಾಯಿತು. ಭಾವ ಎದ್ದು ಹೋಗಿ ತುಳಸಿಕಟ್ಟೆಯ ಹತ್ತಿರ ನಿಂತರು. ಆಮೇಲೆ ಉಬ್ಬಿನ ಒಳಗೆ ಡಾಲಿ ಎಂಬ ಉಕ್ಕಿನ ಗಟ್ಟಿ ಹಿಡಿದು, ಹೊರಗಿನಿಂದ ಚಪ್ಪಟೆ ಸುತ್ತಿಗೆಯ ಸಣ್ಣ ಪೆಟ್ಟುಗಳು. ಡಾಲಿ ಸರಿಯಾಗಿ ಕೆಳಗೆ ಸಿಕ್ಕರೆ 'ಟಿಣ್', ತಪ್ಪಿದರೆ 'ದಬ್'. ಭಾಯಿ ಈ ಹೊತ್ತಿನಲ್ಲಿ ತಗಡಿನ ಕಡೆ ನೋಡುವುದೂ ಇಲ್ಲ. ರಸ್ತೆಯಲ್ಲಿ ಹೋಗುವ ಹೂವಿನವಳ ಕಡೆ ನೋಡುತ್ತಾ ಕಿವಿಯಿಂದಲೇ ಕೆಲಸ ಮಾಡುತ್ತಾರೆ. ನಡುವೆ ಒಂದು ಹಳೇ ಪಂಚೆಯ ತುಂಡನ್ನು ಅಂಗೈಗೆ ಸುತ್ತಿಕೊಂಡು ತಗಡಿನ ಮೇಲೆ ಸವರುತ್ತಾರೆ. ಬರಿಗೈ ಅಂಟುತ್ತದೆ, ಬಟ್ಟೆ ಇದ್ದರೆ ಕೂದಲೆಳೆಯಷ್ಟು ಉಬ್ಬೂ ಬೆರಳಿಗೆ ಸಿಗುತ್ತದಂತೆ. ಕೊನೆಗೆ ಅರ. ಅಲ್ಯೂಮಿನಿಯಂ ಅರದ ಹಲ್ಲುಗಳಲ್ಲಿ ಸಿಕ್ಕಿಕೊಂಡು ಅದನ್ನೇ ಕುರುಡು ಮಾಡಿಬಿಡುತ್ತದೆ. ಅದಕ್ಕೆ ಮೊದಲು ಅರಕ್ಕೆ ಸೀಮೆಸುಣ್ಣ ಬಳಿಯಬೇಕು.

ಎದುರುಮನೆಯ ಮಾಮನಿಗೆ ಅದು ಕಚೇರಿಯ ಋತು. ಬೆಳಗಿನಿಂದ ಸಂಜೆವರೆಗೆ ಈ ಟಿಣ್ ಟಿಣ್ ಕೇಳಿ ಕೇಳಿ ಒಂದು ದಿನ ಗೇಟಿಗೆ ಬಂದರು. ಜಗಳವೇ ಎಂದುಕೊಂಡೆವು. ಅವರು, "ಬೆಳಿಗ್ಗೆ ಆದಿತಾಳದಲ್ಲಿ ಸರಿಯಾಗಿ ಹೋಗುತ್ತಿತ್ತು. ಊಟ ಆದ ಮೇಲೆ ಮಿಶ್ರಚಾಪುವಿಗೆ ಯಾಕೆ ತಿರುಗಿತು?" ಎಂದು ಕೇಳಿದರು. ಭಾಯಿ ಗಂಭೀರವಾಗಿ, "ಊಟ ಆದ ಮೇಲೆ ಹುಡುಗ ಹೊಡೀತಿದ್ದಾನೆ ಸಾರ್," ಎಂದರು.

ರಾಯರ ಅಧ್ಯಾಯ ಬಂದದ್ದು ಜೋಡಣೆಯ ಹೊತ್ತಿಗೆ. ಬಾನೆಟ್ಟಿನ ಎರಡು ತುಂಡುಗಳನ್ನು ಅಂಬತ್ತೂರಿಗೆ ಒಯ್ದು ಆರ್ಗಾನ್ ವೆಲ್ಡಿಂಗ್ ಮಾಡಿಸಿದ್ದಾಯಿತು, ಉಳಿದದ್ದಕ್ಕೆ ರಿವೆಟ್. ಎಚ್‌ಎಎಲ್‌ನಲ್ಲಿ ಕೆಲವು ಜಾತಿಯ ರಿವೆಟ್ಟುಗಳನ್ನು ಐಸ್ ಪೆಟ್ಟಿಗೆಯಲ್ಲಿಟ್ಟು, ಹೊರಗೆ ತೆಗೆದ ಸ್ವಲ್ಪ ಹೊತ್ತಿನಲ್ಲೇ ಹೊಡೆದುಬಿಡಬೇಕಿತ್ತು ಎಂದು ರಾಯರು ಹೇಳುತ್ತಾರೆ. ಕಾಯಿಸಿ ತಣಿಸಿದ ಆ ಮಿಶ್ರಲೋಹ ಮಾಮೂಲಿ ಶಾಖದಲ್ಲಿ ತಾನಾಗಿಯೇ ಗಟ್ಟಿಯಾಗುತ್ತಾ ಹೋಗುತ್ತದೆ. ತಣ್ಣಗಿದ್ದರೆ ಆ ಗಟ್ಟಿಯಾಗುವಿಕೆ ಮುಂದಕ್ಕೆ ಹೋಗುತ್ತದೆ. ನಾವು ತಂದಿದ್ದ ರಿವೆಟ್ಟುಗಳಿಗೆ ಇದರ ಅಗತ್ಯವಿಲ್ಲವೆಂದು ಅವರು ಸ್ಪಷ್ಟವಾಗಿ ಹೇಳಿದ್ದರು. ಆದರೂ ಮರುದಿನ ಫ್ರಿಜ್ಜಿನಲ್ಲಿ, ಮೊಸರಿನ ಪಕ್ಕದಲ್ಲಿ, ಹುಣಸೆಹಣ್ಣಿನ ಡಬ್ಬಿಯೊಳಗೆ ಭಾವನ ರಿವೆಟ್ಟುಗಳು ಸಿಕ್ಕವು. "ಗೌರವಕ್ಕೆ ಇಟ್ಟೆ," ಎಂದರು ಭಾವ.

ರಾಯರ ನಿಜವಾದ ಹಟ ಬೇರೆಯದರ ಮೇಲಿತ್ತು. ಅಲ್ಯೂಮಿನಿಯಂ ತಗಡು, ಉಕ್ಕಿನ ಚೌಕಟ್ಟು. ಎರಡೂ ನೇರವಾಗಿ ಮುಟ್ಟಿಕೊಂಡು ನಡುವೆ ಉಪ್ಪುನೀರು ಸೇರಿತೆಂದರೆ ಅದು ಬ್ಯಾಟರಿಯೇ ಆಗುತ್ತದೆ. ಆ ಬ್ಯಾಟರಿಯಲ್ಲಿ ಸವೆಯುವುದು ಅಲ್ಯೂಮಿನಿಯಂ. ಹಳೇ ಬಸ್ಸುಗಳ ಪಕ್ಕೆಯಲ್ಲಿ ಬೋಲ್ಟಿನ ಸುತ್ತ ಬಣ್ಣ ಉಬ್ಬಿ, ಒಡೆದು, ಬಿಳಿ ಪುಡಿ ಉದುರುವುದನ್ನು ಎಲ್ಲರೂ ನೋಡಿರುತ್ತೇವೆ, ಅದೇ ಇದು. ಹಾಗಾಗಿ ತುಕ್ಕು ಹಿಡಿಯದ ಲೋಹ ತಂದ ಮೇಲೂ ತುಕ್ಕಿನ ಚಿಂತೆ ತಪ್ಪಲಿಲ್ಲ, ಸ್ವಲ್ಪ ಓದಿದ ಚಿಂತೆಯಾಯಿತು ಅಷ್ಟೆ. ರಾಯರು ಲಾರಿ ಟ್ಯೂಬು ತರಿಸಿ, ಪಟ್ಟಿ ಕತ್ತರಿಸಿ, ಉಕ್ಕು ಅಲ್ಯೂಮಿನಿಯಂ ಸೇರುವ ಪ್ರತಿ ಜಾಗಕ್ಕೂ ಪ್ರೈಮರ್ ಬಳಿಸಿ ರಬ್ಬರ್ ಇಡಿಸಿದರು. ಮಡಿ ಹೆಂಗಸರು ಮೈಲಿಗೆ ಬಟ್ಟೆ ದಾಟುವಾಗಲೂ ಅಷ್ಟು ಜಾಗರೂಕರಾಗಿರುವುದನ್ನು ನಾನು ಕಂಡಿಲ್ಲ.

ಮುಂದಿನದು ಬಣ್ಣ. ಸೇನೆಯಿಂದ ಬಂದ ಗಾಡಿಗೆ ಸೇನೆಯ ಹಸಿರು ಬಳಿಯೋಣವೆಂದರೆ ಕಾನೂನು ಬಿಡುವುದಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 121ನೆಯ ನಿಯಮದ ಪ್ರಕಾರ ಆಲಿವ್ ಗ್ರೀನ್ ಬಣ್ಣ ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ. ನಿವೃತ್ತನಾದ ಸೈನಿಕ ಮೀಸೆ ಉಳಿಸಿಕೊಳ್ಳಬಹುದು, ಜೋಂಗಾ ಮಾತ್ರ ಸಮವಸ್ತ್ರ ಕಳಚಲೇಬೇಕು. ಭಾವ ಬಣ್ಣವೇ ಬೇಡ, ಅಲ್ಯೂಮಿನಿಯಂ ಪಾಲಿಶ್ ಮಾಡಿ ಹಾಗೆಯೇ ಬಿಡೋಣ ಎಂದರು. ಅರ್ಧ ದಿನ ಹಾಗೆ ಬಿಟ್ಟೂ ನೋಡಿದರು. ಚೆನ್ನೈನ ಮಧ್ಯಾಹ್ನದ ಬಿಸಿಲು ಬಾನೆಟ್ಟಿಗೆ ಬಡಿದು ಎದುರುಮನೆಯ ಮಾಮನ ಪೂಜೆಕೋಣೆ ಹೊಕ್ಕಿತು. ಸಂಜೆಗೆ ಬಣ್ಣ ನಿಶ್ಚಯವಾಯಿತು: ಆರ್‌ಸಿ ಪುಸ್ತಕದಲ್ಲಿರುವ ಬಿಳಿ. ಗಾಡಿಯ ಮೂಲ ಲಕ್ಷಣ ಬದಲಾಯಿಸಬಾರದೆಂದು ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ ಹೇಳುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಒತ್ತಿ ಹೇಳಿದೆ. ಹಾಗಾಗಿ ಆಕಾರ ಹಳೆಯದೇ, ಬಣ್ಣ ಹಳೆಯದೇ. ಇಷ್ಟೆಲ್ಲ ಮಾಡಿದ್ದು ಹೊರಗಿನವರಿಗೆ ಗೊತ್ತೇ ಆಗದ ಹಾಗೆ ಗಾಡಿ ಸಿದ್ಧವಾಯಿತು.

ಗೊತ್ತಾಗದಿರುವುದರಿಂದ ಒಂದು ತೊಂದರೆಯೂ ಬಂತು. ಹಳೇ ಗಾಡಿ ವ್ಯಾಪಾರದವನೊಬ್ಬ ದಾರಿಯಲ್ಲಿ ನಿಲ್ಲಿಸಿ, ಬೆಲೆ ಕೇಳುವ ಮುಂಚೆ ಜೇಬಿನಿಂದ ಅಯಸ್ಕಾಂತ ತೆಗೆದ. ತುಕ್ಕು ತಿಂದ ಜಾಗಕ್ಕೆ ಪುಟ್ಟಿ ಮೆತ್ತಿದ್ದರೆ ಅಲ್ಲಿ ಅಯಸ್ಕಾಂತ ಹಿಡಿಯುವುದಿಲ್ಲ. ಅದು ಅವರ ಪರೀಕ್ಷೆ. ಬಾನೆಟ್ಟಿಗಿಟ್ಟ, ಜಾರಿಬಿತ್ತು. ಮಡ್‌ಗಾರ್ಡಿಗಿಟ್ಟ, ಜಾರಿಬಿತ್ತು. ಬಾಗಿಲು, ಪಕ್ಕೆ, ಹಿಂಬಾಗಿಲು, ಎಲ್ಲೆಲ್ಲೂ ಜಾರಿಬಿತ್ತು. ಅವನು ಕನಿಕರದಿಂದ ಭಾವನ ಭುಜ ತಟ್ಟಿ, "ಇಡೀ ಗಾಡಿ ಪುಟ್ಟಿಯಲ್ಲೇ ನಿಂತಿದೆ ಸಾರ್," ಎಂದು ಹೊರಟುಹೋದ. ಅಕ್ಕ ಧರ್ಮಸ್ಥಳದಿಂದ ತಂದಿದ್ದ, ಹಿಂದೆ ಅಯಸ್ಕಾಂತವಿರುವ ಮಂಜುನಾಥಸ್ವಾಮಿಯ ಪಟವೂ ಡ್ಯಾಶ್‌ಬೋರ್ಡಿನ ಮೇಲೆ ನಿಲ್ಲದೆ ಹೋದಾಗ, ಅವಳು ಅಂಟಿನ ಟೇಪು ಹಚ್ಚಿ ಕೂರಿಸಿದಳು.

ಈ ನಡುವೆ ನೋಟ್‌ಬುಕ್ಕಿನ ಎಡಗಡೆಯ ಕಾಲಮು ತುಂಬುತ್ತಾ ಹೋಗಿತ್ತು. ಬಾನೆಟ್ಟಿನಲ್ಲಿ ಇಷ್ಟು, ಮಡ್‌ಗಾರ್ಡಿನಲ್ಲಿ ಇಷ್ಟು, ತೊಟ್ಟಿಯಲ್ಲಿ ಇಷ್ಟು. ಉಳಿತಾಯವಾದದ್ದನ್ನು ಖರ್ಚು ಮಾಡದೆ ಇರುವುದು ಸಂಸಾರಸ್ಥರಿಗೆ ಸಾಧ್ಯವೇ? "ಹೇಗೂ ತೂಕ ಇಳಿದಿದೆ" ಎಂದು ಒಂದು ವಿಂಚು ಬಂತು. ವಿಂಚಿನ ಭಾರಕ್ಕೆ ದಪ್ಪ ಬಂಪರು ಬಂತು. "ಹೇಗೂ ತೂಕ ಇಳಿದಿದೆ" ಎಂದು ಎರಡು ಜೆರ್ರಿಕ್ಯಾನು, ಇನ್ನೊಂದು ಸ್ಟೆಪ್ನಿ, ಭಾಯಿಯ ಉಪಕರಣಗಳನ್ನು ನೋಡಿ ಆಸೆಪಟ್ಟು ಕೊಂಡ ಡಾಲಿ ಸುತ್ತಿಗೆಗಳ ಪೆಟ್ಟಿಗೆ, ಮತ್ತೊಂದು ಮಳೆಗಾಲಕ್ಕೆಂದು ಹಗ್ಗ, ಗುದ್ದಲಿ, ಟಾರ್ಪಾಲು. ಅಕ್ಕ ಒಂದು ದೊಡ್ಡ ಸ್ಟೀಲ್ ಟಿಫಿನ್ ಕ್ಯಾರಿಯರ್ ಇಟ್ಟಳು. ಅಲ್ಯೂಮಿನಿಯಂನಲ್ಲಿ ಹುಳಿಯನ್ನ ಇಡಬಾರದೆಂಬುದು ಅವಳ ವಾದ, ಮತ್ತು ಅದು ಸರಿ; ಹುಣಸೆಯ ಹುಳಿಗೆ ಆ ಲೋಹ ತಾಳುವುದಿಲ್ಲ. ಬಲಗಡೆಯ ಕಾಲಮಿಗೆ ಕೊನೆಗೂ 'ಸೌಕರ್ಯ' ಎಂಬ ಹೆಸರು ಬಂತು.

ಎಲ್ಲ ಮುಗಿದ ಮೇಲೆ ಮಾಧವರಂ ಕಡೆಯ ವೇಬ್ರಿಡ್ಜಿಗೆ ಹೋದೆವು. ತಗಡು ಬಿಚ್ಚುವ ಮುಂಚೆಯೂ ಭಾವ ಅಲ್ಲಿ ತೂಗಿಸಿ ಚೀಟಿ ಇಟ್ಟುಕೊಂಡಿದ್ದರು. ಇಪ್ಪತ್ತು ಟನ್ನಿನ ಲಾರಿಗಳ ಸಾಲಿನಲ್ಲಿ ನಮ್ಮ ಬಿಳಿ ಜೋಂಗಾ ನಿಂತಿತು. ಕಿಟಕಿಯ ಹುಡುಗ, "ಖಾಲಿಯೋ, ಲೋಡೋ?" ಎಂದು ಕೇಳಿದ. "ಖಾಲಿ," ಎಂದರು ಭಾವ. ಅವನು ಒಳಗೆ ಕುಳಿತ ನಮ್ಮನ್ನೂ, ಹಿಂದಿನ ಸಾಮಾನನ್ನೂ ಒಮ್ಮೆ ನೋಡಿ, ನಮ್ಮನ್ನೆಲ್ಲ ಇಳಿಸಿ, ಗುಂಡಿ ಒತ್ತಿದ. ಚೀಟಿ ಬಂತು. ಹಳೇ ಚೀಟಿಗಿಂತ ಹತ್ತು ಕಿಲೋ ಜಾಸ್ತಿ.

ಯಾರೂ ಮಾತಾಡಲಿಲ್ಲ. ಹಿಂದಿನ ಲಾರಿಯವನು ಹಾರ್ನ್ ಹೊಡೆದ. ಆಗ ರಾಯರು ಎರಡೂ ಚೀಟಿಗಳನ್ನು ಕನ್ನಡಕದ ಹತ್ತಿರ ಹಿಡಿದು ನೋಡಿ, "ಗಾಬರಿ ಬೇಡ ಸ್ವಾಮಿ. ನಮ್ಮಲ್ಲಿಯೂ ವಿಮಾನದ ತೂಕ ನಕ್ಷೆಗಿಂತ ಯಾವಾಗಲೂ ಜಾಸ್ತಿಯೇ ಬರ್ತಿತ್ತು. ಕಡಿಮೆ ಬಂದರೆ ಮಾತ್ರ ನಾವು ಹೆದರುತ್ತಿದ್ದೆವು, ಏನು ಹಾಕೋದು ಮರೆತಿದ್ದೇವೋ ಅಂತ," ಎಂದರು. ಭಾವನ ಮುಖಕ್ಕೆ ಮತ್ತೆ ಕಳೆ ಬಂತು. ಗಾಡಿ ಹತ್ತಿ ಕುಳಿತು, ಮಾಧವರಂ ದಾಟುವ ಹೊತ್ತಿಗೆ ಹೊಸ ಯೋಜನೆ ಹೇಳಿದರು: ಬಂಪರನ್ನೂ ಅಲ್ಯೂಮಿನಿಯಂನಲ್ಲಿ ಮಾಡಿಸಿದರೆ ಹೇಗೆ?

ಹಿಂದಿನ ಸೀಟಿನಿಂದ ಅಕ್ಕ ಕೇಳಿದಳು, "ಎಷ್ಟು ಸೋಪು ಬೇಕಾಗುತ್ತೆ, ಮೊದಲೇ ಹೇಳಿಬಿಡಿ."